ಯಾಕೆ ಅಂತ ಕೇಳದೇ ಹೋದವರು

ಮೊನ್ನೆ ಶನಿವಾರ ಪರದೆ ಬಟ್ಟೆ ತರಲು ಸರೋಜಿನಿ ನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಹಿಂದಿನ ಸಂಜೆ ಆಂಧಿ ಬಂದು ಊರಿಗೆಲ್ಲ ಧೂಳು ಎರಚಿ ಹೋಗಿತ್ತು. ಮೆಟ್ರೋದಿಂದ ಹೊರಗೆ ಬಂದರೆ ರಸ್ತೆಗೆ ಅಡ್ಡಲಾಗಿ ಒಂದು ನೇರಳೆ ಮರ ಬಿದ್ದಿತ್ತು. ಇಬ್ಬರು ಅದನ್ನು ಯಂತ್ರದ ಗರಗಸದಲ್ಲಿ ತುಂಡು ಮಾಡುತ್ತಿದ್ದರು. ಹಸಿ ಮರದ ವಾಸನೆ... ಸ್ವಲ್ಪ ಹುಳಿ, ಸ್ವಲ್ಪ ಒಗರು. ಆಟೋಗಳ ಹೊಗೆಯ ನಡುವೆಯೂ ಅದು ನೇರವಾಗಿ ಮೂಗಿಗೆ ಬಂತು. ನಿಂತಲ್ಲೇ ನಿಂತುಬಿಟ್ಟೆ. “ಮೇಡಂಜೀ, ಹಟಿಯೇ, ಹಟಿಯೇ!” ಎಂದು ಗರಗಸದ ಭಯ್ಯಾ ಕೂಗಿದ. ಸರಿದು ನಿಂತೆ. ಮನಸ್ಸು ಮಾತ್ರ ಆಗಲೇ ನೋಯ್ಡಾದ ಒಂದು ಗ್ಯಾರೇಜಿಗೆ ಹೋಗಿಯಾಗಿತ್ತು.

ಆ ಗ್ಯಾರೇಜು ನನ್ನ ಬಾಡಿಗೆ ಮನೆಯ ಕೆಳಗಿದ್ದ ಅಂಕಲ್‌ದು. ಕೊಡಗಿನವರು. ಫೌಜಿನಲ್ಲಿ ಯಂತ್ರಗಳ ರಿಪೇರಿ ಮಾಡುತ್ತಲೇ ಸರ್ವೀಸು ಮುಗಿಸಿ, ರಿಟೈರಾದ ಮೇಲೆ ಇಲ್ಲೇ ಉಳಿದಿದ್ದರು. ಕಾರು ನಿಲ್ಲಬೇಕಾದ ಜಾಗದಲ್ಲಿ ಎರಡು ಲೇತ್ ಇಟ್ಟುಕೊಂಡಿದ್ದರು. ಪಾಪ, ಕಾರು ಬೀದಿಯಲ್ಲಿ ಬಿಸಿಲು ಕಾಯುತ್ತಿತ್ತು. ಲೇತ್ ಮರದ ತುಂಡನ್ನು ಗರಗರ ತಿರುಗಿಸುತ್ತದೆ, ನಾವು ಅದಕ್ಕೆ ಉಳಿ ಹಿಡಿಯುತ್ತೇವೆ. ಬಟ್ಟಲು, ಬುಗುರಿ, ಲಟ್ಟಣಿಗೆ, ಏನು ಬೇಕಾದರೂ ಕಡೆದು ತೆಗೆಯಬಹುದು. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಮರ ಕಡೆಯುವವರ ಕ್ಲಬ್ಬು ಸೇರುತ್ತಿತ್ತು.

ನಾನು ಅಲ್ಲಿಗೆ ಮೊದಲು ಹೋದದ್ದು ಜಗಳಕ್ಕೆ. ಆ ಮನೆಗೆ ಬಂದು ವಾರವೂ ಆಗಿರಲಿಲ್ಲ. ಗುರುಗ್ರಾಮದ ಆಫೀಸಿನಲ್ಲಿ ವಾರವಿಡೀ ದುಡಿದು ಭಾನುವಾರ ಮಲಗೋಣವೆಂದರೆ ಹಾಸಿಗೆಯ ಕೆಳಗೇ ಗುಂಯ್ ಅಂತ ಸದ್ದು. ನನಗೋ ಮೂಗಿನ ತುದಿಯಲ್ಲೇ ಕೋಪ. ದಡದಡ ಇಳಿದು ಹೋಗಿ ನನಗೆ ಬರುವಷ್ಟು ಹಿಂದಿಯಲ್ಲಿ ಬೈದೆ. ಅದು ಸಾಲದೆ ಕೊನೆಗೆ “ಥೂ, ಈ ಯಂತ್ರಕ್ಕಿಷ್ಟು ಬೆಂಕಿ ಹಾಕ!” ಎಂದು ಕನ್ನಡದಲ್ಲೇ ಗೊಣಗಿದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು.

“ಬೆಂಕಿ ಆಮೇಲೆ ಹಾಕಮ್ಮ. ಮೊದಲು ಕಾಫಿ ಕುಡಿ,” ಎಂದರು.

ಆಂಟಿ ತಂದ ಕಾಫಿ ಮುಗಿಯುವಷ್ಟರಲ್ಲಿ ನನ್ನ ಕೈಗೆ ಪೊರಕೆ ಬಂದಿತ್ತು. ಚಳಿಗಾಲ ಬರುವಷ್ಟರಲ್ಲಿ ಗ್ಯಾರೇಜಿನ ಕೀ ನನ್ನ ಪರ್ಸಿನಲ್ಲಿತ್ತು. ಯಾರು ಯಾವ ಲೇತ್‌ಗೆ, ಯಾವ ಉಳಿ ಸಾಣೆಗೆ, ಹೊಸಬರಿಗೆ ಕಲಿಸುವವರು ಯಾರು, ಎಲ್ಲ ನನ್ನ ತಲೆಗೇ ಕಟ್ಟಿದರು. ಬಾಯಿ ಜೋರಿದ್ದವರಿಗೆ ಇಂಥ ಕೆಲಸ ತಾನಾಗಿ ಬರುತ್ತದೆ.

ಆಂಧಿ ಬಂದ ಮರುದಿನ ಅಂಕಲ್ ಫೋನು ತಪ್ಪುತ್ತಿರಲಿಲ್ಲ. “ಚಲೋ, ಮರ ಬಿದ್ದಿದೆಯಂತೆ!” ಕೇಳಬೇಕಾದವರನ್ನು ಕೇಳಿ, ಕಾರಿನ ಡಿಕ್ಕಿಯಲ್ಲಿ ತುಂಡುಗಳನ್ನು ತುಂಬಿ ತರುತ್ತಿದ್ದೆವು. ಸೀಳದಿರಲೆಂದು ತುದಿಗಳಿಗೆ ಮೇಣ ಹಚ್ಚಿ ಒಣಗಲು ಇಡುತ್ತಿದ್ದೆವು. ಮರ ಯಾರ ಬಾಗಿಲಲ್ಲಿತ್ತೋ ಮೊದಲ ಬಟ್ಟಲು ಆ ಮನೆಗೆ ಹೋಗಬೇಕು. ಕಿದ್ವಾಯಿ ನಗರದ ಒಬ್ಬ ಅಜ್ಜಿ ತನ್ನ ಶೀಶಮ್ ಮರದ ಬಟ್ಟಲನ್ನು ಸೆರಗಿನಿಂದ ಒರೆಸುತ್ತ ಒರೆಸುತ್ತ ಅತ್ತಿದ್ದಳು. ಕರ್ನಾಟಕದವರು, ಮರ ಕಡೆಯುತ್ತೇವೆ ಎಂದರೆ ಸಾಕು, ದಿಲ್ಲಿಯವರೆಲ್ಲ “ಅಚ್ಛಾ, ಚನ್ನಪಟ್ಟಣ?” ಎನ್ನುತ್ತಿದ್ದರು. “ಅಲ್ಲ ಭಾಯ್, ಕೊಡಗು. ನಮ್ಮಲ್ಲಿ ಕೋವಿ ಹಿಡೀತಾರೆ, ಉಳಿ ಅಲ್ಲ,” ಎಂದು ಅಂಕಲ್ ಹಿಂದಿಯಲ್ಲಿ ಹೇಳಿ ನನಗೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿ ನಗುತ್ತಿದ್ದರು.

ನಮ್ಮ ಕ್ಲಬ್ಬಿಗೆ ಇದ್ದದ್ದು ಒಂದೇ ರೂಲು. ಲೇತ್ ಮುಂದೆ ನಿಂತವರು ತಾವಾಗಿ ಸ್ವಿಚ್ಚು ಒತ್ತಬಾರದು. ಪಕ್ಕದಲ್ಲಿ ಇನ್ನೊಬ್ಬರು ನಿಂತು, ಮರ ಬಿಗಿಯಾಗಿದೆಯೇ, ತೋಳು, ದುಪಟ್ಟಾ, ಕೂದಲು ಎಲ್ಲ ಸರಿಯಾಗಿವೆಯೇ ನೋಡಿ “ಚಲೋ” ಎನ್ನಬೇಕು. ಅನ್ನದಿದ್ದರೆ ಯಂತ್ರ ತಿರುಗುವಂತಿಲ್ಲ. ಮುಖ್ಯವಾದದ್ದೆಂದರೆ, ಯಾಕೆ ಅಂತ ಕೇಳುವಂತಿಲ್ಲ. ಉಳಿ ಕೆಳಗಿಟ್ಟು ಸರಿಯಬೇಕು, ಅಷ್ಟೇ.

ಇದೆಂಥ ದರ್ಬಾರು ಎಂದು ನಾನು ಒಮ್ಮೆ ಕೇಳಿಯೇಬಿಟ್ಟಿದ್ದೆ. ಅಂಕಲ್ ಕೈಯಲ್ಲಿದ್ದ ಉಳಿ ಕೆಳಗಿಟ್ಟರು. ಸರ್ವೀಸಿನ ಮೊದಲ ದಿನಗಳಲ್ಲಿ ಯಂತ್ರವೊಂದರ ಬೋಲ್ಟು ಸಡಿಲವಾದದ್ದನ್ನು ಅವರ ಜೊತೆಗಾರನೊಬ್ಬ ಕಂಡಿದ್ದನಂತೆ. ಯಂತ್ರದ ಮುಂದೆ ಇದ್ದವರು ದೊಡ್ಡ ಹುದ್ದೆಯವರು. ಇವನು ಬೇಡ ಸಾರ್ ಅಂದ. ಅವರು ಯಾಕೆ ಅಂತ ಗದರಿದರು. ಇವನು ತಡವರಿಸಿದ. ಅಷ್ಟರಲ್ಲಿ ಆ ಸಾಹೇಬರ ಬಲಗೈ...

“ಯಾಕೆ ಅಂತ ಕೇಳಿದ್ರೆ ದೊಡ್ಡೋರೇ ಗೆಲ್ತಾರೆ. ಅದಕ್ಕೇ ಕೇಳೋದೇ ಬೇಡ,” ಎಂದರು.

ಅವರ ಪಕ್ಕದಲ್ಲಿ ನಿಂತು “ಚಲೋ” ಎನ್ನುತ್ತಿದ್ದವಳು ನಾನು. ವರ್ಷಗಟ್ಟಲೆ ಅದು ಬರಿಯ ಬಾಯಿಮಾತಾಗಿತ್ತು. ಅವರ ಕೆಲಸದಲ್ಲಿ ತಪ್ಪು ಹುಡುಕಲು ಏನಿತ್ತು? ಮರಕ್ಕೆ ಉಳಿ ತಾಕಿದರೆ ಹೊಟ್ಟು ಒಂದೇ ಎಳೆಯಾಗಿ ಹೊರಗೆ ಬರುತ್ತಿತ್ತು.

ಅವರ ಕೈ ನಡುಕ ನನಗೆ ಮೊದಲು ಕೇಳಿಸಿದ್ದು ಕಾಫಿ ಲೋಟ ಬಸಿಯಲ್ಲಿ ಕಿಣಿಕಿಣಿ ಎಂದಾಗ. ವಯಸ್ಸಾಯಿತಲ್ಲ ಅಂದುಕೊಂಡೆ. ಆಮೇಲೆ ಒಂದು ಭಾನುವಾರ ಅವರ ಉಳಿ ಮರಕ್ಕೆ ಕಚ್ಚಿಕೊಂಡು, ಅರ್ಧ ಕಡೆದ ಬಟ್ಟಲು ಹಾರಿ ತಗಡಿನ ಬಾಗಿಲಿಗೆ ಬಡಿಯಿತು. “ಗಂಟಿತ್ತು ಮರದಲ್ಲಿ,” ಎಂದರು ಅಂಕಲ್. ಗಂಟಿರಲಿಲ್ಲ. ನಮ್ಮ ಮೆಂಬರು, ಪಕ್ಕದ ಬ್ಲಾಕಿನ ಹಲ್ಲಿನ ಡಾಕ್ಟರು, ನನ್ನನ್ನು ಗೇಟಿನಾಚೆ ಕರೆದು, ಈ ನಡುಕ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ ಎಂದರು.

ಮುಂದಿನ ವಾರಗಳಲ್ಲಿ ನಾವು ಆಡಿದ ನಾಟಕ ನೆನೆದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಡಾಕ್ಟರು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅಂಕಲ್ ನಿಲ್ಲುವ ಲೇತ್ ಹಿಡಿದುಕೊಂಡು ಬಿಟ್ಟುಕೊಡುತ್ತಿರಲಿಲ್ಲ. ಇನ್ನೊಬ್ಬರು ಬೆಲ್ಟು ಹೋಗಿದೆ ಎಂದು ಸುಳ್ಳು ಹೇಳಿದರು; ಅಂಕಲ್ ಸಂಜೆಯೊಳಗೆ ಹೊಸ ಬೆಲ್ಟು ಹಾಕಿಸಿ ಕೂತಿದ್ದರು. ಯಾರು ಬೇಕಾದರೂ ಯಾರಿಗೆ ಬೇಕಾದರೂ ಬೇಡ ಎನ್ನಬಹುದಾದ ಕ್ಲಬ್ಬು ಅದು! ಅವರಿಗೊಬ್ಬರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಆಂಟಿ, ಮಂಡಿ ನೋವಿನವರು, ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬಂದರು.

“ನಾನು ಹೇಳಿದ್ರೆ ಹೆಂಡ್ತಿ ಗೊಣಗಾಟ ಆಗುತ್ತೆ ಕಣಮ್ಮ. ನೀನು ಅಲ್ಲಿ ನಿಂತು ಹೇಳು. ಅವರ ಕೈ ಉಳಿಸಿಕೊಡು.”

ಆ ಭಾನುವಾರ ಅಂಕಲ್ ಬೇವಿನ ದಿಮ್ಮಿ ತಂದು ಲೇತ್‌ಗೆ ಏರಿಸಿದರು. ಆಂಟಿ ಗೇಟಿನ ಬಳಿ ತಾವೇ ನೆಟ್ಟು ಬೆಳೆಸಿದ ಬೇವು ಹಿಂದೊಂದು ಆಂಧಿಗೆ ಬಿದ್ದಿತ್ತು. ಅದರ ಬುಡದ ತುಂಡನ್ನು ಅಂಕಲ್ ಯಾರಿಗೂ ಮುಟ್ಟಲು ಬಿಡದೆ ಒಣಗಿಸಿಟ್ಟಿದ್ದರು. ಇವತ್ತು ಅದಕ್ಕೆ ಮುಹೂರ್ತ. ಮರ ಬಿಗಿ ಮಾಡಿದರು, ಕೈಯಲ್ಲೊಂದು ಸುತ್ತು ತಿರುಗಿಸಿ ನೋಡಿದರು, ಅಂಗಿಯ ತೋಳು ಮಡಚಿದರು. ಒಂದರಲ್ಲೂ ಲೋಪವಿಲ್ಲ. ಉಳಿ ತೆಗೆದುಕೊಂಡು ಕಬ್ಬಿಣದ ಆಸರೆ ಪಟ್ಟಿಯ ಮೇಲಿಟ್ಟರು. ಅದು ಅಲ್ಲಿ ಟಿಕ್ ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿತು. ಸ್ವಿಚ್ಚಿನ ಮೇಲೆ ಎಡಗೈ ಇಟ್ಟು ನನ್ನ ಕಡೆ ನೋಡಿದರು.

ನಾನು ಬಾಯಿ ತೆರೆಯಲಿಲ್ಲ.

ಅವರ ಮುಖ ನೋಡಲಾಗದೆ ನೆಲದ ಮೇಲಿನ ಹೊಟ್ಟು ನೋಡುತ್ತ ನಿಂತೆ. ತಲೆಯೆತ್ತಿದರೆ ಅವರ ತುಟಿ ಕೊಂಚ ತೆರೆದಿತ್ತು. ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. “ಅಚ್ಛಾ,” ಎಂದರು. ಉಳಿಯನ್ನು ಅದರ ಜಾಗಕ್ಕೆ ಸೇರಿಸಿ, ಏಪ್ರನ್ ಬಿಚ್ಚದೆಯೇ ಮನೆಯೊಳಗೆ ಹೋದರು. ನಾನು ಮೇಲೆ ಬಂದು ಬಾತ್‌ರೂಮಿನ ನಲ್ಲಿ ಬಿಟ್ಟು ಅತ್ತೆ.

ಮುಂದಿನ ಕೆಲವು ಭಾನುವಾರ ಗ್ಯಾರೇಜಿಗೆ ಕಾಫಿ ಬಂತು, ಅವರು ಬರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ “ಊಟ ಆಯ್ತಾ?” ಎಂದಷ್ಟೇ ಕೇಳಿ ಒಳಗೆ ಹೋಗುತ್ತಿದ್ದರು. ಕ್ಲಬ್ಬು ಮುಗಿಯಿತು ಎಂದೇ ಎಣಿಸಿದ್ದೆ. ಆಮೇಲೊಂದು ಬೆಳಿಗ್ಗೆ, ನಾನು ಮರ ಏರಿಸುತ್ತಿದ್ದಾಗ, ನೋಡುವವರು ನಿಲ್ಲುವ ಜಾಗದಲ್ಲಿ ಬಂದು ನಿಂತರು. ಕೈಗಳು ಬೆನ್ನ ಹಿಂದೆ. “ದುಪಟ್ಟಾ ತೆಗೆದಿಟ್ಟು ಬಾ,” ಎಂದರು. ಅಂದಿನಿಂದ ಎಲ್ಲರಿಗೂ “ಚಲೋ” ಎನ್ನುವ ಕೆಲಸ ಅವರದಾಯಿತು. ಎಂಥ ಕಟ್ಟುನಿಟ್ಟು ಅಂತೀರಿ! ಒಮ್ಮೆ ಎಲ್ಲ ಸರಿಯಾಗಿದ್ದರೂ ನನಗೆ “ಚಲೋ” ಅನ್ನಲೇ ಇಲ್ಲ. ಯಾಕೋ ಇವತ್ತಿಗೂ ಗೊತ್ತಿಲ್ಲ. ಸೇಡು ತೀರಿಸಿಕೊಂಡರೋ ಏನೋ, ಕೇಳುವಂತಿಲ್ಲವಲ್ಲ.

ಬೇವಿನ ದಿಮ್ಮಿಯನ್ನು ಅವರು ನನ್ನಿಂದಲೇ ಕಡೆಸಿದರು. ಬೆಳಗಿನ ಹೊತ್ತೆಲ್ಲ ಪಕ್ಕದಲ್ಲೇ ನಿಂತಿದ್ದರು. ಎಣ್ಣೆ ಹಚ್ಚಿ ಕೊಟ್ಟಾಗ ಬಟ್ಟಲು ಅವರ ಕೈಯಲ್ಲಿ ನಡುಗುತ್ತಿತ್ತು. ಅಂಚಿನ ಸುತ್ತ ಹೆಬ್ಬೆರಳಾಡಿಸಿ, “ಇಲ್ಲಿ ಸ್ವಲ್ಪ ದಪ್ಪ ಆಯ್ತು,” ಎಂದರು. ಅವತ್ತು ಯಾಕೆ “ಚಲೋ” ಅನ್ನಲಿಲ್ಲ ಅಂತ ಇವತ್ತು ಕೇಳಿಯೇ ಕೇಳುತ್ತಾರೆ ಎಂದುಕೊಂಡೆ. ಉತ್ತರ ಸಿದ್ಧವಿತ್ತು, ಮೆಟ್ರೋದಲ್ಲಿ ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ನಿಮ್ಮ ಕೈಗೆ ಏನಾದರೂ ಆಗಿದ್ದರೆ ನಾನು ಮೇಲೆ ಹೇಗೆ ನಿದ್ದೆ ಮಾಡಲಿ ಅಂಕಲ್, ಈ ಊರಲ್ಲಿ ನನಗೆ ಮತ್ಯಾರಿದ್ದಾರೆ, ಎಂದು.

“ಆಂಟಿಗೆ ಕೊಟ್ಟು ಬಾ. ಬೆಳ್ಳುಳ್ಳಿ ಇಟ್ಕೊಳ್ಳಲಿ,” ಎಂದರು ಅಂಕಲ್.

ನಾನಾಗಿಯೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದರೆ ನಿಮ್ಮ ಕೈ ನಡುಗುತ್ತದೆ ಎಂಬ ಮಾತನ್ನೂ ಅವರ ಮುಖಕ್ಕೇ ಹೇಳಬೇಕಿತ್ತು. ಅವರು ಕೇಳದಿರುವಷ್ಟು ದಿನ ಅದು ಇಬ್ಬರ ನಡುವೆ ಮುಚ್ಚಿಕೊಂಡೇ ಇತ್ತು. ದಿಲ್ಲಿಯ ಹೊಗೆ ಕವಿದ ಒಂದು ಚಳಿಗಾಲ ಅವರ ಎದೆಗೆ ಕಫ ಕಟ್ಟಿತು. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತಿದ್ದೆ. ಹೊಸ ಶೀಶಮ್ ತುಂಡುಗಳಿಗೆ ಮೇಣ ಹಚ್ಚಿದೆಯಾ ಎಂದು ಕೇಳಿದರು. ನಮ್ಮ ಹಲ್ಲಿನ ಡಾಕ್ಟರ ಮಗಳ ಮದುವೆ ಯಾವಾಗ ಎಂದು ಕೇಳಿದರು. ಬೇರೆ ಏನೇನೋ ಕೇಳಿದರು... ಅದೊಂದನ್ನು ಬಿಟ್ಟು. ಆ ವಾರವೇ ಹೋದರು.

ಈಗ ಆಂಟಿ ಪುಣೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಎರಡೂ ಲೇತ್ ಡಾಕ್ಟರ ಬೇಸ್‌ಮೆಂಟಿಗೆ ಬಂದಿವೆ, ಕ್ಲಬ್ಬು ನನ್ನ ಹೆಗಲಿಗೆ ಬಿದ್ದಿದೆ. ಸರೋಜಿನಿ ನಗರದಿಂದ ಬಂದ ಮರುದಿನ ಎಂದಿನಂತೆ ಸೇರಿದ್ದೆವು. ಮುಖರ್ಜಿ ನಗರದಲ್ಲಿ ಪರೀಕ್ಷೆಗೆ ಓದುತ್ತಿರುವ ಹಾವೇರಿಯ ಹುಡುಗಿಯೊಬ್ಬಳು ಹೊಸದಾಗಿ ಸೇರಿದ್ದಾಳೆ. ಅವಳು ಸ್ವಿಚ್ಚಿಗೆ ಕೈಯಿಟ್ಟು ನನ್ನ ಕಡೆ ನೋಡಿದಳು. ನಾನು “ಚಲೋ” ಅನ್ನಲಿಲ್ಲ.

“ಯಾಕೆ ಅಕ್ಕಾ?” ಎಂದಳು.

ಡಾಕ್ಟರಿಗೆ ಕನ್ನಡ ಬಾರದು, ಆದರೆ ಆ ಒಂದು ಶಬ್ದದ ಅರ್ಥ ಇಷ್ಟು ವರ್ಷಗಳಲ್ಲಿ ಕಲಿತಿದ್ದರು. “ಬೇಟಾ, ಯಹಾಂ ಪೂಛತೇ ನಹೀಂ,” ಇಲ್ಲಿ ಹಾಗೆ ಕೇಳುವುದಿಲ್ಲ ಎಂದು ಗಂಭೀರವಾಗಿ ತಡೆದರು.

“ಕೇಳಲಿ ಬಿಡಿ,” ಎಂದು ಡಾಕ್ಟರಿಗೆ ಹಿಂದಿಯಲ್ಲಿ ಹೇಳಿದೆ. ನನ್ನ ದನಿ ನನಗೇ ಜೋರೆನಿಸಿತು. ಹುಡುಗಿಯ ಪಕ್ಕಕ್ಕೆ ಹೋಗಿ ಸಡಿಲವಾಗಿ ಇಳಿಬಿದ್ದಿದ್ದ ಅವಳ ಕುರ್ತಾದ ತೋಳನ್ನು ಮಡಚಿದೆ. ಇದು ಸಿಕ್ಕಿಕೊಂಡರೆ ನಿನ್ನ ಕೈ ಹೋಗುತ್ತದೆ, ನಿನ್ನ ಕೈ ನನಗೆ ಬೇಕು, ಅದಕ್ಕೇ ಅನ್ನಲಿಲ್ಲ ಎಂದೆ. ಅವಳು “ಅಯ್ಯೋ, ಥ್ಯಾಂಕ್ಸ್ ಅಕ್ಕಾ,” ಎಂದು ನಕ್ಕು ಕೆಲಸಕ್ಕೆ ತಿರುಗಿದಳು.

ಹೇಳಬೇಕಾಗಿದ್ದದ್ದು ಇಷ್ಟೇ ಆಗಿತ್ತು. ಇನ್ನು ಮುಂದೆ ನಮ್ಮಲ್ಲಿ ಯಂತ್ರ ನಿಲ್ಲಿಸಿ ಯಾಕೆ ಅಂತ ಕೇಳಬಹುದು ಎಂದು ಎಲ್ಲರಿಗೂ ಹೇಳಿದೆ. ಅಂಕಲ್ ಇದ್ದಿದ್ದರೆ ಒಪ್ಪುತ್ತಿರಲಿಲ್ಲ, ಒಪ್ಪದಿದ್ದರೆ ಜಗಳವಾಡುತ್ತಿದ್ದೆ. ಈಗ ಯಾರು ಬೇಕಾದರೂ ಬಂದು ಕೇಳಬಹುದು, ನಾನು ಹೇಳಬಹುದು. ಕೇಳಬೇಕಾಗಿದ್ದ ಒಬ್ಬರು ಮಾತ್ರ ಕೇಳದೇ ಹೋದರು.