ಖಾನಾಪುರದ ಗದ್ದೆಗೆ ಇಳಿದ ವಿಮಾನ

1928ರಲ್ಲಿ ನಾನು ಬೆಳಗಾವಿಯ ಒಂದು ಮೋಟಾರು ಕಾರ್ಖಾನೆಯಲ್ಲಿ ಹಿರಿಯ ಫಿಟರ್ ಆಗಿದ್ದೆ. ಮಹಾಯುದ್ಧದ ಕಾಲದಲ್ಲಿ ಬಸ್ರಾದಲ್ಲಿ ವಿಮಾನದ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸಿ ಬಂದವನೆಂದು ಕೇಳಿ ವಕೀಲ ಮಾಧವರಾಯರು ನನ್ನನ್ನು ಹುಡುಕಿಕೊಂಡು ಬಂದರು. ವಿಲಾಯತಿಯಲ್ಲಿ ಹಾರಾಟ ಕಲಿತಿದ್ದ ಅವರು ಶಹಾಪುರದ ಒಂದು ಖಾಲಿ ಮಗ್ಗದ ಶೆಡ್ಡಿನಲ್ಲಿ ಸ್ವಂತ ವಿಮಾನ ಕಟ್ಟಿದ್ದರು. ಇಂಜಿನ್ ಯುದ್ಧ ಮುಗಿದ ಮೇಲೆ ಮಾರಿದ ಹಳೆಯ ಮಾಲು. ರೆಕ್ಕೆಯ ಬಟ್ಟೆ ನೆರೆಯ ನೇಕಾರರು ನೇಯ್ದು ಕೊಟ್ಟದ್ದು. ಇಬ್ಬರು ಪಕ್ಕಪಕ್ಕ ಕೂರುವ ಮುಚ್ಚಿದ ಕ್ಯಾಬಿನ್ ಇತ್ತು.

ರಾಯರಿಗಿದ್ದ ತೊಂದರೆ ಚಳಿ. ಹಿಂದೊಮ್ಮೆ ಮೋಟಾರ್‌ಸೈಕಲ್ಲಿನಿಂದ ಬಿದ್ದು ಜಖಂ ಆಗಿದ್ದ ಬಲಗೈ ಬೆರಳುಗಳು ಮೇಲಕ್ಕೇರಿದಂತೆ ಮರಗಟ್ಟಿ, ವಿಮಾನ ನಡೆಸಲು ಹಿಡಿದ ಕೋಲು ಕೈಗೆ ತಿಳಿಯುತ್ತಿರಲಿಲ್ಲ. ಆಗಲೇ ಇದ್ದ ಹೀಟರ್ ಪಾದ ಬೆಚ್ಚಗಿಡಲಿಕ್ಕೂ ಸಾಲದು. ಅದನ್ನು ತೆಗೆದು ದೊಡ್ಡದು ಕೂರಿಸಿದೆವು. ಇಂಜಿನ್ನಿನ ಸುಟ್ಟ ಹೊಗೆ ಹೊರಹೋಗುವ ಎಕ್ಸಾಸ್ಟ್ ಪೈಪಿನ ಸುತ್ತ ತಗಡಿನ ಅಂಗಿ ತೊಡಿಸಿ, ಅದರೊಳಗೆ ಹಾದು ಕಾದ ಹೊರಗಿನ ಗಾಳಿಯನ್ನು ಕೊಳವೆಯ ಮೂಲಕ ರಾಯರ ಕೈಗಳ ಕಡೆಗೆ ತಿರುಗಿಸಿದೆವು. ಬೇಡವಾದಾಗ ಗಾಳಿ ತಡೆಯಲು ಒಂದು ಮುಚ್ಚಳ. ನೆಲದ ಮೇಲೆ ಇಂಜಿನ್ ಓಡಿಸಿ ನೋಡಿದಾಗ ಎಲ್ಲವೂ ಸರಿಯಾಗಿತ್ತು.

ಜನವರಿಯ ಒಂದು ಬೆಳಿಗ್ಗೆ ಮಚ್ಛೆಯ ಬಯಲಿನಿಂದ ಮೇಲಕ್ಕೆದ್ದೆವು. ರೈಲು ಹಳಿಯ ಗುರುತು ಹಿಡಿದು ಖಾನಾಪುರದವರೆಗೆ ಹೋಗಿ ತಿರುಗುವುದೆಂದು ಮಾತಾಗಿತ್ತು. ಕ್ಯಾಬಿನ್ ಬೆಚ್ಚಗಾಯಿತು. ರಾಯರು ಬೆರಳು ಬಿಚ್ಚಿ ಮಡಚಿ ತೋರಿಸಿ ನಕ್ಕರು. ಸುಟ್ಟೆಣ್ಣೆಯ ವಾಸನೆಯೇನೋ ಇತ್ತು. ಆ ವಿಮಾನದಲ್ಲಿ ಅದು ಯಾವತ್ತೂ ಇರುತ್ತಿತ್ತು.

ಸ್ವಲ್ಪ ಹೊತ್ತಿಗೆ ನನಗೆ ಹಣೆ ಸಿಡಿಯತೊಡಗಿತು. ಕೆಳಗೆ ಖಾನಾಪುರ ಹಿಂದೆ ಸರಿಯಿತು. ರಾಯರು ತಿರುಗಿಸಲಿಲ್ಲ. ಮುಂದೆ ಕಣಕುಂಬಿಯ ಕಡೆಯ ಕಾಡು ಕಪ್ಪಗೆ ಹಬ್ಬಿತ್ತು.

“ರಾವಸಾಹೇಬ್ರ, ಊರು ದಾಟಿತ್ರಿ,” ಎಂದು ಕೂಗಿದೆ.

“ಯಾವ ಊರು?” ಎಂದರು, ನಿದ್ದೆಗಣ್ಣಿನಲ್ಲಿ.

ಬಸ್ರಾದಲ್ಲಿ ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಓಡಿಸುತ್ತ ಕುಳಿತಲ್ಲೇ ಸತ್ತ ಒಬ್ಬನನ್ನು ನಾನು ಹೊತ್ತು ಹೊರಗೆ ತಂದಿದ್ದೆ. ಇದೂ ಅದೇ, ಕಾರ್ಬನ್ ಮಾನಾಕ್ಸೈಡ್. ಕಣ್ಣಿಗೂ ಮೂಗಿಗೂ ಸಿಗದ ವಿಷಗಾಳಿ, ಹೀಟರಿನ ಬಿಸಿಗಾಳಿಯ ಜೊತೆ ಒಳಗೆ ಬರುತ್ತಿತ್ತು.

ಹೀಟರಿನ ಗಾಳಿ ತಡೆಯುವ ಮುಚ್ಚಳ ಎಳೆದೆ. ಬಿಸಿಗೆ ಉಬ್ಬಿ ಕಚ್ಚಿಕೊಂಡಿತ್ತು. ಕೈ ಸುಟ್ಟಿತೇ ಹೊರತು ಅದು ಅಲುಗಲಿಲ್ಲ. ಸ್ಪ್ಯಾನರಿನಿಂದ ಪಕ್ಕದ ಕಿಟಕಿ ಒಡೆದೆ. ಅಷ್ಟರಲ್ಲಿ ರಾಯರು ಕೋಲಿನ ಮೇಲೆ ಕುಸಿದರು, ವಿಮಾನ ಮೂಗು ತಗ್ಗಿಸಿತು. ಅವರನ್ನು ಒಂದು ಕೈಯಿಂದ ಹಿಂದಕ್ಕೆ ಎಳೆದು ಹಿಡಿದೆ. ನನಗೆ ಹಾರಿಸಲು ಬರುತ್ತಿರಲಿಲ್ಲ. ಇಂಜಿನ್ ಓಡುವತನಕ ವಿಷ ಬರುತ್ತಲೇ ಇರುತ್ತದೆ. ನಿಲ್ಲಿಸಿದರೆ ಆಕಾಶದಲ್ಲಿ ಪಂಖ ತಿರುವಿ ಮತ್ತೆ ಚಾಲೂ ಮಾಡುವವರು ಯಾರೂ ಇಲ್ಲ. ಸ್ವಿಚ್ಚು ಬಂದ್ ಮಾಡಿದೆ.

ಆ ನಿಶ್ಶಬ್ದಕ್ಕೋ, ಮುಖಕ್ಕೆ ಹೊಡೆದ ತಣ್ಣನೆಯ ಗಾಳಿಗೋ ರಾಯರು ಕಣ್ಣು ಬಿಟ್ಟರು.

“ಇಂಜಿನ್ ಯಾಕ ನಿಂತು?”

“ನಾನ ನಿಲ್ಲಿಸೀನ್ರಿ. ಎಡಕ್ಕ ಗದ್ದಿ ಅದಾವ. ಇಳಸ್ರಿ.”

ಅವರ ಕೈ ಕೋಲು ಹಿಡಿಯಿತು. ಅದು ಜಾರದಂತೆ ಮೇಲೆ ನನ್ನ ಕೈ ಇಟ್ಟೆ. ಅವರ ತಲೆ ವಾಲಿದಾಗಲೆಲ್ಲ ಹೆಸರು ಹಿಡಿದು ಕೂಗಿದೆ. ನನ್ನ ಹೆಂಡತಿಯ ಮುಖ ನೆನಪಿಗೆ ಬಂತು, ಮುಂದೆ ಏನೂ ಹೊಳೆಯಲಿಲ್ಲ. ಕೊಯ್ಲಾದ ಗದ್ದೆಗೆ ಬಡಿದು, ಬದುವಿಗೆ ಒಂದು ಗಾಲಿ ಮುರಿದು, ರೆಕ್ಕೆ ನೆಲಕ್ಕೆ ಊರಿ ನಿಂತೆವು.

ಜನ ಓಡಿಬಂದರು. ಗದ್ದೆಯ ಒಡತಿ ಗಂಗವ್ವ ಎಂಬಾಕೆ ರಾಯರ ಕೈ ಮುಟ್ಟಿ, “ಮೈ ಥಂಡ ಆಗೇತಿ. ಒಳಗ ಒಲಿ ಬಾಜೂಕ ಮಲಗಸ್ರಿ,” ಎಂದಳು. ನಾಲ್ವರು ಅವರನ್ನು ಎತ್ತಿ ಗದ್ದೆಯಂಚಿನ ಆಕೆಯ ಮನೆಗೆ ಹೊತ್ತೇಬಿಟ್ಟರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಒಳಗ ಬ್ಯಾಡವ್ವ. ಹೊಗಿ ತಗೊಂಡ ಹಿಂಗಾಗೇತಿ. ಇವರಿಗೆ ಗಾಳಿ ಬೇಕು.”

“ಚಳಿಯಾಗ ಕೊಲ್ತೀಯೇನೋ?” ಎಂದು ಒಬ್ಬ ನನ್ನ ಎದೆಗೆ ಕೈ ಹಾಕಿ ನೂಕಿದ. ನಾನು ಅತ್ತುಬಿಟ್ಟೆ. ಗಂಗವ್ವ ನನ್ನ ಮುಖವನ್ನೊಮ್ಮೆ ನೋಡಿದಳು. ಬಳಿಕ ಅಂಗಳದಲ್ಲೇ ಕಂಬಳಿ ಹಾಸಿ, ರಾಯರಿಗೆ ಇನ್ನೊಂದು ಹೊದಿಸಿ, ತಾನೇ ಮೊರ ಹಿಡಿದು ಬೀಸುತ್ತ ಕುಳಿತಳು. ಖಾನಾಪುರದಿಂದ ಡಾಕ್ಟರು ಬರುವತನಕ ಆಕೆ ಏಳಲಿಲ್ಲ.

ರಾಯರು ಉಳಿದರು. ಆದರೆ ಪೂರ್ತಿ ಉಳಿಯಲಿಲ್ಲ. ಮಾತಿನ ನಡುವೆ ಶಬ್ದ ಮರೆಯುತ್ತಿದ್ದರು. ಕೋರ್ಟಿಗೆ ಮತ್ತೆ ಹೋಗಲಾಗಲಿಲ್ಲ. ವಿಮಾನವನ್ನು ಚಕ್ಕಡಿಯಲ್ಲಿ ಶಹಾಪುರಕ್ಕೆ ತಂದು ತಗಡಿನ ಅಂಗಿಯನ್ನು ಕತ್ತರಿಸಿ ತೆಗೆದಾಗ, ಒಳಗಿನ ಪೈಪಿನ ಬೆಸುಗೆ ಕೂದಲೆಳೆಯಂತೆ ಸೀಳಿತ್ತು. ಹಾರಾಟದ ಅದುರಾಟಕ್ಕೆ ಬಿಟ್ಟ ಬಿರುಕು. ಅಂಗಿ ಮುಚ್ಚಿದ್ದರಿಂದ ಯಾರಿಗೂ ಕಾಣುವಂತಿರಲಿಲ್ಲ.

ಒಂದು ಸಂಜೆ ರಾಯರು ಶೆಡ್ಡಿಗೆ ಬಂದು ರೆಕ್ಕೆಯ ಮೇಲೆ ಕೈಯಿಟ್ಟು ನಿಂತರು. “ಈರಪ್ಪಾ, ನಾ ಇನ್ನ ಹಾರಾಂಗಿಲ್ಲ. ಆದ್ರ ಇದನ್ನ ಹಾರಸಾವ್ರು ಯಾರರೆ ಬರ್ತಾರ. ಅವರಿಗೆ...” ಎಂದು ಮುಂದಿನ ಶಬ್ದಕ್ಕೆ ಬಹಳ ಹೊತ್ತು ತಡಕಾಡಿದರು. ನಾನು ಹೇಳಿಕೊಡಲಿಲ್ಲ, ಕಾದೆ. “ಅವರಿಗೆ ಬಿಸಿ ಬೇಕಾಕ್ಕೇತಿ. ಸರಿ ಮಾಡಿಡು.”

ಹೊಸ ಪೈಪು ಹಾಕಿ, ಅಂಗಿಯನ್ನು ಎರಡು ಹೋಳಾಗಿ ಮಾಡಿ, ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುವಂತೆ ಕೂರಿಸಿದೆ. ಆಮೇಲೆ ನಿವೃತ್ತನಾಗುವವರೆಗೂ, ಮೋಟಾರಾಗಲಿ ಪಂಪಾಗಲಿ, ಬಿಚ್ಚಿ ನೋಡಲಾಗದಂಥ ಮುಚ್ಚಳವನ್ನು ನಾನು ಯಾವ ಯಂತ್ರಕ್ಕೂ ಹಾಕಲಿಲ್ಲ.