ಬೆಚ್ಚಗಾದ ಎಡಗೈ

ನನ್ನನ್ನು ಎಲ್ಲರೂ ಪುಕ್ಕಲಿ ಎನ್ನುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಓಡಿ ಬಂದು ನೋಡಿದವಳು ನಾನು. ಆದರೆ ನನ್ನ ಕೆಲಸಕ್ಕೆ ಪುಕ್ಕಲುತನವೇ ಬಂಡವಾಳ. ಬಾಗಲಕೋಟೆಯ ನವನಗರದಲ್ಲಿ, ಔಷಧದಂಗಡಿಯೊಂದರ ಮೇಲಿನ ಕೋಣೆಗಳಲ್ಲಿ, ನಾವು ನಾಲ್ಕು ಜನ ಕೈಯಲ್ಲಿ ಹಿಡಿದು ಆಡುವ ಅಗ್ಗದ ಗೇಮ್ ಕನ್ಸೋಲ್ ತಯಾರಿಸುತ್ತಿದ್ದೇವೆ. ಅದರ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅಂದರೆ ಕರ್ನಲ್, ನನ್ನ ಪಾಲಿನದು.

ಕರ್ನಲ್ ಎಂದರೆ ನನ್ನ ಮಟ್ಟಿಗೆ ಇಂಟರಪ್ಟುಗಳ ಜೊತೆ ಗುದ್ದಾಟ. ಗುಂಡಿ ಒತ್ತಿದಾಗ, ಚಾರ್ಜರ್ ಸಿಕ್ಕಿಸಿದಾಗ, ಬ್ಯಾಟರಿ ಕಾದಾಗ ಆಯಾ ಭಾಗ ಪ್ರೊಸೆಸರನ್ನು ಕೂಗುತ್ತದೆ: ಮಾಡುತ್ತಿರುವುದನ್ನು ಬಿಡು, ಮೊದಲು ನನ್ನ ಮಾತು ಕೇಳು. ಈ ಕೂಗೇ ಇಂಟರಪ್ಟ್. ಇಬ್ಬರು ಒಟ್ಟಿಗೆ ಕೂಗಿದರೆ ಯಾರಿಗೆ ಮೊದಲು ಓಗೊಡಬೇಕೆಂದು ಬರೆದಿಡುವುದು ನನ್ನ ಕೆಲಸ. ಗುಂಡಿ ತಡವಾದರೆ ಆಡುವವರಿಗೆ ಸಿಟ್ಟು ಬರುತ್ತದೆ. ಅದಕ್ಕೆ ಗುಂಡಿಗಳನ್ನು ಮೇಲಿಟ್ಟು ಬ್ಯಾಟರಿಯ ಬಿಸಿಯನ್ನು ಕೆಳಗಿಟ್ಟಿದ್ದೆವು. ಬ್ಯಾಟರಿ ಕಾಯುವುದು ನಿಧಾನ, ಅದಕ್ಕೇನು ಅವಸರ ಎಂದುಕೊಂಡಿದ್ದೆವು.

ನಾವೇ ಕೂತು ಜೋಡಿಸಿದ ಮಾದರಿಗಳಲ್ಲಿ ಒಂದನ್ನು ಇಳಕಲ್ಲಿಗೆ ಒಯ್ದು ಅಪ್ಪನಿಗೆ ಕೊಟ್ಟಿದ್ದೆ. ಅಪ್ಪ ಗ್ರಾನೈಟ್ ಪಾಲಿಶ್ ಮಾಡುವ ಘಟಕದಲ್ಲಿ ಜೀವ ಸವೆಸಿದವರು. ಹೋದ ವರ್ಷ ಲಕ್ವಾ ಹೊಡೆದು ಎಡಗೈ ಬಿದ್ದುಹೋಯಿತು. ಸ್ವಲ್ಪ ಬಾಗುತ್ತದೆ, ಆದರೆ ಚಿವುಟಿದರೂ ಗೊತ್ತಾಗುವುದಿಲ್ಲ. ಯಾವಾಗ ಮುಟ್ಟಿದರೂ ತಣ್ಣಗೆ. ಆ ಬೆರಳುಗಳಿಗೆ ಏನಾದರೂ ಕೆಲಸ ಕೊಡಿ ಎಂದು ದವಾಖಾನೆಯಲ್ಲಿ ಹೇಳಿದ್ದರು. ಅವ್ವ ತನ್ನ ಹಳೆಯ ಸೀರೆಯ ಅಂಚು ಹರಿದು, ಆ ಕೈಯನ್ನು ಕನ್ಸೋಲಿಗೆ ಕಟ್ಟಿ, ಮಧ್ಯಾಹ್ನದ ಊಟವಾದ ಮೇಲೆ ಅಪ್ಪನನ್ನು ಆಟಕ್ಕೆ ಕೂರಿಸುತ್ತಿದ್ದಳು. ಬಲಗೈ ಕಾರು ಓಡಿಸುತ್ತಿತ್ತು, ಎಡಗೈ ಗುಂಡಿಯ ಮೇಲೆ ಭಾರ ಬಿಟ್ಟು ಬಿದ್ದಿರುತ್ತಿತ್ತು.

"ಕನ್ನಡಿ ಹಂಗ ಕಲ್ಲು ತಿಕ್ಕಿದ ಕೈಗೆ ಆಟಗಿ ಸಾಮಾನು ಕಟ್ಯಾಳ ನೋಡ ನಿಮ್ಮವ್ವ" ಎಂದು ಅಪ್ಪ ಫೋನಿನಲ್ಲಿ ದೂರುತ್ತಿದ್ದರು. ಹಿಂದೆಯೇ ತಾವು ಗೆದ್ದ ರೇಸಿನ ಸುದ್ದಿಯನ್ನೂ ಹೇಳುತ್ತಿದ್ದರು.

ಆ ದಿನ ಮಧ್ಯಾಹ್ನ ನಾನು ಸವೆದ ಗುಂಡಿಯೊಂದನ್ನು ಪರೀಕ್ಷಿಸುತ್ತಿದ್ದೆ. ಅರ್ಧ ಒತ್ತಿದಂತೆ ನಿಂತ ಗುಂಡಿ ಒಮ್ಮೆ ಕೂಗಿ ಸುಮ್ಮನಾಗುವುದಿಲ್ಲ. ತಗುಲುತ್ತ, ಬಿಡುತ್ತ, ಎಡೆಬಿಡದೆ ಕೂಗುತ್ತದೆ. ಕರ್ನಲ್ ಅದಕ್ಕೆ ಓಗೊಡುವುದರಲ್ಲೇ ಮುಳುಗಿಹೋಯಿತು, ಪರದೆ ನಿಂತಿತು. ಬ್ಯಾಟರಿ ಕಾದಿದೆ ಎಂಬ ಸುಳ್ಳು ಸಂಕೇತ ಕೊಟ್ಟು ನೋಡಿದೆ. ಚಾರ್ಜಿಂಗ್ ತಾನಾಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬಿಸಿಯ ಕೂಗು ಸರದಿಯಲ್ಲೇ ಉಳಿದುಬಿಟ್ಟಿತ್ತು.

ಸವೆದ ಗುಂಡಿ ಬಿಟ್ಟರೆ ಇನ್ನು ಯಾವಾಗ ಹೀಗಾದೀತು ಎಂದು ಯೋಚಿಸುತ್ತಿದ್ದವಳಿಗೆ ಅಪ್ಪನ ಕಟ್ಟಿದ ಕೈ ಕಣ್ಣ ಮುಂದೆ ಬಂತು. ಬಿಸಿಯ ಕೂಗು ಮುಟ್ಟುತ್ತಲೇ ಇಲ್ಲವೆಂದು ಕೂಗಿ ಹೇಳಿದೆ.

"ಹೆದರಬ್ಯಾಡ. ಮಾರೂ ಮಾಲಿನಾಗ ಕಾದ್ರ ತಾನ ಕರೆಂಟ್ ಕಡಿಯೋ ಬ್ಯಾರೇ ಕಟ್-ಆಫ್ ಹಾಕ್ತೇವಲ್ಲ" ಎಂದ ಪಕ್ಕದ ಮೇಜಿನವನು.

"ನಮ್ಮಪ್ಪನ ಕೈಯಾಗ ಇರೋದು ಮಾರೂ ಮಾಲಲ್ಲೋ!" ಎಂದೆ. ಅವನ ಮುಖವೂ ಬಿಳಿಚಿಕೊಂಡಿತು.

ಫೋನ್ ಮಾಡಿದೆ. ಎತ್ತಲಿಲ್ಲ. ಅವ್ವ ಫೋನನ್ನು ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಮೇಲಿಟ್ಟು ಪಡಸಾಲೆಯಲ್ಲಿ ಕೂರುವವಳು. ಪಕ್ಕದ ಮನೆಯ ಖಾಲಾಗೆ ಮಾಡಿದರೆ ಅವರು ಮದುವೆಗೆಂದು ಹುಬ್ಬಳ್ಳಿಯಲ್ಲಿದ್ದರು. ಇಳಕಲ್ ಬಸ್ಸು ಹೊರಡುವುದರಲ್ಲಿತ್ತು, ಓಡಿ ಹತ್ತಿದೆ. ಶಿರೂರು ದಾಟುವವರೆಗೂ ಮರಳಿ ಮರಳಿ ಫೋನ್ ಒತ್ತಿದೆ. ಆಡುವಾಗಲೂ ಅಪ್ಪನ ಚಾರ್ಜರ್ ಗೋಡೆಗೆ ಸಿಕ್ಕಿಸಿಯೇ ಇರುತ್ತದೆ. ಬ್ಯಾಟರಿ ಉಬ್ಬಿದರೆ? ಹೊತ್ತಿಕೊಂಡರೆ? ಒಂದೇ ಕೈಯಲ್ಲಿ ಕಟ್ಟು ಬಿಚ್ಚಿಕೊಳ್ಳಲು ಅಪ್ಪನಿಗೆ ಬರುವುದಿಲ್ಲ. ಸುಡುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ. ಅಮೀನಗಡದಲ್ಲಿ ಯಾರೋ ಕರದಂಟು ಕೊಳ್ಳಲು ಇಳಿದು ಬಸ್ಸನ್ನು ನಿಲ್ಲಿಸಿಕೊಂಡರು. ಅವರು ನಿಧಾನವಾಗಿ ಚಿಲ್ಲರೆ ಹುಡುಕುವುದನ್ನು ನೋಡುತ್ತ ನಾನು ಮನಸ್ಸಿನಲ್ಲೇ ಹಾಕಿದ ಶಾಪಗಳನ್ನು ಇಲ್ಲಿ ಬರೆಯುವಂತಿಲ್ಲ.

ಹುನಗುಂದ ಬರುವಷ್ಟರಲ್ಲಿ ಅವ್ವನೇ ಫೋನ್ ಮಾಡಿದಳು. ದನಿಯಲ್ಲಿ ಹಬ್ಬದ ಸಂಭ್ರಮ.

"ಮಗಳ, ನಿಮ್ಮಪ್ಪನ ಕೈ ಬೆಚ್ಚಗ ಆಗೈತಿ! ಎಡಗೈ! ಈಗ ಮುಟ್ಟಿ ನೋಡಿದ್ನಿ, ಜ್ವರ ಬಂದಂಗ ಬಿಸಿ ಐತಿ. ಜೀವ ಬಂತು ನೋಡ ಕೈಯಾಗ. ನಿಮ್ಮಪ್ಪ ಅಳಾಕತ್ಯಾರ."

ಇಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. "ಅವ್ವಾ, ಆ ಸಾಮಾನು ಬಿಚ್ಚು! ಮೊದ್ಲ ವಾಯರ್ ಕೀಳು, ಕೈ ಬಿಚ್ಚು!"

"ಯಾಕ? ಇದರಿಂದನ ಅಲ್ಲ ಬೆಚ್ಚಗ ಆಗಿದ್ದು? ಬಿಚ್ಚಿದ್ರ ಮತ್ತ ತಣ್ಣಗಾತಂದ್ರ?"

ಇಡೀ ಬಸ್ಸು ನನ್ನತ್ತ ತಿರುಗುವಂತೆ ಕಿರುಚಿದೆ: "ಅದು ಕೈಯಲ್ಲವ್ವಾ, ಬ್ಯಾಟರಿ! ಬ್ಯಾಟರಿ ಕಾದೈತಿ! ಅಪ್ಪನ ಕೈ ಸುಡಾಕತ್ತೈತಿ!"

ಅತ್ತ ಕಡೆ ಅವ್ವ ಓಡಿದ್ದು ಕೇಳಿಸಿತು. ಆಮೇಲೆ ಏನೋ ಬಿದ್ದ ಸಪ್ಪಳ, ಅವ್ವನ ಚೀರಾಟ. ಫೋನ್ ಕಟ್ಟಾಯಿತು. ಮತ್ತೆ ಎಷ್ಟು ಮಾಡಿದರೂ ಎತ್ತಲಿಲ್ಲ. ಹುನಗುಂದದಿಂದ ಇಳಕಲ್ಲಿಗೆ ಎಷ್ಟು ಹೊತ್ತಿನ ದಾರಿ ಮಹಾ! ಆ ದಿನ ಅದು ಮುಗಿಯಲೇ ಇಲ್ಲ. ಪಕ್ಕದ ಸೀಟಿನ ಹೆಂಗಸು ನನ್ನ ಕೈ ಹಿಡಿದುಕೊಂಡೇ ಕೂತರು. ಅವರು ಯಾರೋ, ಯಾವ ಊರಿನವರೋ, ಇಂದಿಗೂ ಗೊತ್ತಿಲ್ಲ.

ಮನೆಯ ಅಂಗಳದಲ್ಲಿ ಕನ್ಸೋಲ್ ಬಿದ್ದಿತ್ತು, ಬೆನ್ನು ಉಬ್ಬಿ ಬಾಯಿಬಿಟ್ಟುಕೊಂಡು. ಬೆಂಕಿ ಹೊತ್ತಿರಲಿಲ್ಲ. ಪಡಸಾಲೆಯಲ್ಲಿ ಅವ್ವ ಅಪ್ಪನ ಕೈಯನ್ನು ನೀರಿನ ಪಾತ್ರೆಯಲ್ಲಿಟ್ಟು ಹಿಡಿದುಕೊಂಡಿದ್ದಳು. ಅಂಗೈ ತುಂಬ ಬೊಬ್ಬೆ. ಅವ್ವನ ಬೆರಳುಗಳೂ ಕೆಂಪಗಾಗಿದ್ದವು, ಕಟ್ಟು ಬಿಚ್ಚುವಾಗ ಸುಟ್ಟುಕೊಂಡಿದ್ದಳು. ಅಪ್ಪ ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು.

"ಜೀವ ಬಂದಿಲ್ಲೇನು ಹಂಗಾದ್ರ?"

ನಾನು ಆಟೋ ತರಿಸಿ ಇಬ್ಬರನ್ನೂ ದವಾಖಾನೆಗೆ ಕರೆದೊಯ್ದೆ.

ಡಾಕ್ಟರು ಗಾಯ ತೊಳೆದು, ಸುಟ್ಟ ಚರ್ಮವನ್ನು ಕತ್ತರಿಸತೊಡಗಿದರು. "ಸ್ವಲ್ಪ ನೋವಾಗ್ತೈತ್ರಿ" ಎಂದರು. ಅವ್ವ ಗಾಯವನ್ನು ನೋಡುತ್ತಿರಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಅಪ್ಪ ಒಮ್ಮೆ ಚೀರಲಿ, ಮುಖ ಕಿವುಚಲಿ, ಡಾಕ್ಟರಿಗೆ ಬೈಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಕತ್ತರಿ ಅಂಗೈಯ ಉದ್ದಕ್ಕೂ ಹೋಯಿತು. ಅಪ್ಪ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದರು.

ಡಾಕ್ಟರು ಕತ್ತರಿ ಕೆಳಗಿಟ್ಟು ಮುಲಾಮು ತರಲು ಎದ್ದರು.

ಅವ್ವ ಮೆಲ್ಲಗೆ ಕೇಳಿದಳು. "ಉರಿತೈತೇನ್ರಿ?"

ಅಪ್ಪ ಕ್ಯಾಲೆಂಡರಿನಿಂದ ಕಣ್ಣು ತಿರುಗಿಸಿ ಅವ್ವನನ್ನು ನೋಡಿದರು. ಆಮೇಲೆ ಹಲ್ಲು ಕಚ್ಚಿ, ಮುಖ ಹಿಂಡಿ, "ಹೂಂ, ಭಾಳ ಉರಿತೈತಿ" ಎಂದರು.

"ಉರೀಲಿ ಬಿಡ್ರಿ, ಉರೀಲಿ" ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ನನ್ನ ಕಡೆ ಮಾತ್ರ ನೋಡಲಿಲ್ಲ.