ಬ್ರೇಕ್ ಬಿಡುವ ತನಕ ಹಾಲು ಕಾಯಿಸಿ

ಮೊನ್ನೆ ಅಡುಗೆಮನೆಯ ಮೇಲಿನ ಕಪಾಟು ಒರೆಸುವಾಗ ಹಳೆಯ ಇಂಗಿನ ಡಬ್ಬಿಯ ಹಿಂದೆ ಒಂದು ಫ್ಲಾಪಿ ಸಿಕ್ಕಿತು. ಮೂಸಿ ನೋಡಿದೆ. ನಗಬೇಡಿ, ನೀವಾಗಿದ್ದರೂ ಮೂಸುತ್ತಿದ್ದಿರಿ. ಇಂಗು ಘಮ್ಮೆಂದಿತು. ಆ ಅಂಗೈಯಗಲದ ಪ್ಲಾಸ್ಟಿಕ್ಕಿನಲ್ಲಿ ಒಂದು ಕಾಲಕ್ಕೆ ಇಡೀ ರೈಲ್ವೆ ಇತ್ತು.

ಅದು ತೊಂಬತ್ತರ ದಶಕ. ಅಮೆರಿಕದ ಮಾರಿಸ್‌ವಿಲ್‌ನಲ್ಲಿ ನಾವಿಬ್ಬರು, ಒಂದು ಅಪಾರ್ಟ್‌ಮೆಂಟು, ಒಂದು ಕಾರು. ಕಾರು ಬೆಳಿಗ್ಗೆ ನಮ್ಮನೆಯವರ ಜೊತೆ ಆಫೀಸಿಗೆ ಹೋಗಿಬಿಡುತ್ತಿತ್ತು. ನನ್ನದು ಡಿಪೆಂಡೆಂಟ್ ವೀಸಾ: ಈ ದೇಶದಲ್ಲಿ ಇರಬಹುದು, ಉಣ್ಣಬಹುದು, ಕೆಲಸ ಮಾತ್ರ ಮಾಡುವಂತಿಲ್ಲ. ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವಳು, ಇಲ್ಲಿ ಕಿಟಕಿಯಲ್ಲಿ ಕೂತು ಏರ್‌ಪೋರ್ಟಿಗೆ ಇಳಿಯುವ ವಿಮಾನ ನೋಡುತ್ತಿದ್ದೆ.

ನಮ್ಮನೆಯವರಿಗೆ ರೈಲಿನ ಹುಚ್ಚು. ಶನಿವಾರ, ಭಾನುವಾರ ಕೂತು ಕಂಪ್ಯೂಟರಿನಲ್ಲಿ ರೈಲು ಓಡಿಸುವ ಪ್ರೋಗ್ರಾಮೊಂದನ್ನು ಬರೆದು, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಲಿ ಎಂದು ಇಂಟರ್ನೆಟ್ಟಿಗೆ ಹಾಕಿದರು. ಪುಕ್ಕಟೆ ಅಂದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವುದು ನಮ್ಮೂರಿನವರು ಮಾತ್ರ ಅಂದುಕೊಂಡಿದ್ದೆ. ಲೋಕವೆಲ್ಲ ಹಾಗೇ. ಇಳಿಸಿಕೊಂಡವರು ಬರೆದ ಪತ್ರವೂ ಒಂದೇ: ರೈಲು ಹೊರಡುತ್ತಿಲ್ಲ.

ಹೊರಡುವುದು ಹೇಗೆ? ನಿಜವಾದ ಗೂಡ್ಸ್ ರೈಲಿನ ಹಾಗೆ ಕೊನೆಯ ಡಬ್ಬಿಯವರೆಗೂ ಗಾಳಿ ತುಂಬಿ ಬ್ರೇಕ್ ಬಿಡಬೇಕು ಎಂದು ಈ ಮಹಾನುಭಾವರು ನಾಲ್ಕು ನಿಮಿಷ ಇಟ್ಟಿದ್ದರು. ಜನ ಕಂಪ್ಯೂಟರೇ ಕೆಟ್ಟಿತೆಂದು ಅಷ್ಟರೊಳಗೆ ಆಫ್ ಮಾಡುತ್ತಿದ್ದರು.

"ವೇಟ್ ಮಾಡ್ಬೇಕು ಅಂತ ಗೊತ್ತಾಗಲ್ವಾ? ಆಬ್ವಿಯಸ್ ಅಲ್ವಾ?" ಅಂದರು.

"ನಿಮಗೆ ಆಬ್ವಿಯಸ್ಸು. ನಂಗೆ ಒಂದ್ಸಲ ಹೇಳ್ಕೊಡಿ, ನಾನು ಬರೀತೀನಿ" ಅಂದೆ.

ಅವರು ಆಫೀಸಿಗೆ ಹೋದ ಮೇಲೆ ನಾನು ರೈಲು ಹತ್ತುತ್ತಿದ್ದೆ. ಕಾರು ಓಡಿಸಲು ಬಾರದವಳು ಎಂಬತ್ತು ಡಬ್ಬಿ ಕಲ್ಲಿದ್ದಲು ಎಳೆದೆ. ಕೆಂಪು ಸಿಗ್ನಲ್ ದಾಟಿದೆ, ಹಳಿ ತಪ್ಪಿದೆ, ತಪ್ಪಿದ್ದನ್ನೆಲ್ಲ ಬರೆದುಕೊಂಡೆ. ಒಂದೂವರೆ ತಿಂಗಳಲ್ಲಿ ಮೊದಲ ಸಲ ಓಡಿಸುವವರಿಗೆ ಇಂಗ್ಲಿಷಿನಲ್ಲಿ ಇಪ್ಪತ್ತೆರಡು ಪುಟದ ಕೈಪಿಡಿ ಆಯಿತು. ಮೊದಲ ಸಾಲು: "ಎಂಜಿನ್ ಚಾಲೂ ಮಾಡಿ, ಒಲೆಯ ಮೇಲೆ ಹಾಲಿಡಿ. ಹಾಲು ಉಕ್ಕುವುದರೊಳಗೆ ಬ್ರೇಕ್ ಬಿಟ್ಟಿರುತ್ತದೆ." ಎಷ್ಟು ಹಾಲು ಎಂದು ಆಮೇಲೆ ಒಬ್ಬ ಜರ್ಮನಿಯಿಂದ ಕೇಳಿದ. ಇಬ್ಬರ ಕಾಫಿಗೆ ಆಗುವಷ್ಟು ಎಂದು ಉತ್ತರ ಹೋಯಿತು.

ಕೈಪಿಡಿಯ ಕೊನೆಯಲ್ಲಿ ನನ್ನ ಹೆಸರು ಹಾಕಿದ್ದೆ. ಅಲ್ಲೇ ಎಡವಟ್ಟಾಯಿತು. ನಮ್ಮನೆಯವರು ನಮಗಿಂತ ಮೊದಲೇ ಬಂದು ರೆಸ್ಟನ್ ಊರಿನಲ್ಲಿ ನೆಲೆಸಿದ್ದ ಮೂರ್ತಿ ಅಂಕಲ್‌ಗೆ ಫೋನ್ ಮಾಡಿದರು. ವೀಸಾ ವಿಷಯದಲ್ಲಿ ಅವರು ಹೇಳಿದ್ದೇ ವೇದ. ಸ್ವಂತ ವೀಸಾಕ್ಕೆ ಲಾಯರ್ ಇಟ್ಟಿದ್ದರು, ಅದು ಬೇರೆ ಮಾತು.

"ಹೆಸರು ಹಾಕಿದ್ರೆ ವರ್ಕ್ ಮಾಡ್ದಂಗೆ ಆಗತ್ತಪ್ಪ" ಅಂದರು ಅಂಕಲ್. "ನಾಳೆ ಗ್ರೀನ್ ಕಾರ್ಡ್ ಅಪ್ಲೈ ಮಾಡ್ವಾಗ ಕೇಳಿದ್ರೆ ಏನ್ ಹೇಳ್ತೀಯ? ತೆಗೆದ್ಬಿಡು."

"ಪುಕ್ಕಟೆ ಮಾಡಿದ್ದು ಕೆಲಸ ಹೇಗಾಗತ್ತೆ?" ಅಂದೆ ನಾನು ನಮ್ಮನೆಯವರಿಗೆ. "ದಿನಾ ಸಾರು ಮಾಡ್ತೀನಲ್ಲ, ಅದಕ್ಕೂ ಡಿಪೋರ್ಟ್ ಮಾಡ್ತಾರಾ?"

ಅವರು ನಗಲಿಲ್ಲ. "ರಿಸ್ಕ್ ಬೇಡ ಕಣೇ" ಎಂದು ನನ್ನ ಹೆಸರು ಅಳಿಸಿದರು.

ಮೆಚ್ಚುಗೆಯ ಪತ್ರಗಳು ಬರತೊಡಗಿದವು. "ಸರ್, ನಿಮ್ಮ ಕೈಪಿಡಿ ಓದಿ ನಮ್ಮ ತಂದೆಯೂ ರೈಲು ಹೊರಡಿಸಿದರು." ನಮ್ಮನೆಯವರು ಥ್ಯಾಂಕ್ಸ್ ಎಂದು ಉತ್ತರ ಬರೆಯುವುದನ್ನು ಹಿಂದೆ ನಿಂತು ನೋಡಿದೆ. ಕಟ್ಟಿಕೊಂಡ ಗಂಡನ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ, ನಾನು ಪಟ್ಟೆ. ಆ ವಾರವಿಡೀ ಸಾರಿಗೆ ಉಪ್ಪು ಹಾಕಲಿಲ್ಲ. ಅವರು ಗೊತ್ತಾಗದವರ ಹಾಗೆ ಉಂಡರು, ಅಂದರೆ ಗೊತ್ತಾಗಿತ್ತು.

ಕೆಲವು ವರ್ಷದ ಮೇಲೆ ಗ್ರೀನ್ ಕಾರ್ಡಿನ ಅರ್ಜಿ ಬಂತು. ಕಳೆದ ಐದು ವರ್ಷದಲ್ಲಿ ಮಾಡಿದ ಉದ್ಯೋಗ ಬರೆಯಿರಿ, ಇಲ್ಲದಿದ್ದರೆ ಇಲ್ಲ ಎಂದು ಬರೆಯಿರಿ ಎಂದಿತ್ತು. ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ ‘ನನ್’ ಎಂದು ಬರೆದೆ. ಬಾಯಲ್ಲಿ ಅಂದುಕೊಂಡಾಗ, ನನ್ನದು ಎಂದು ಹೇಳಹೊರಟವಳ ಬಾಯಿ ಯಾರೋ ಮುಚ್ಚಿದ ಹಾಗಿತ್ತು. ನಮ್ಮನೆಯವರು ಬಗ್ಗಿ ನೋಡಿ "ಕರೆಕ್ಟ್" ಅಂದರು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಪೆಚ್ಚು ಮುಖ ತೊಳೆದುಕೊಂಡು ಬಂದು ಸಹಿ ಹಾಕಿದೆ.

ಆಮೇಲೆ ಕಾರು ಕಲಿತೆ, ಕಾಲೇಜಿನಲ್ಲಿ ಪಾಠ ಮಾಡಿದೆ, ರಿಟೈರೂ ಆದೆ. ಆದರೂ ಬಂದ ಹೊಸದರಲ್ಲಿ ಏನು ಮಾಡ್ತಿದ್ರಿ ಎಂದು ಯಾರು ಕೇಳಿದರೂ "ಸುಮ್ನೆ ಮನೇಲಿದ್ದೆ" ಅನ್ನುವುದು ಬಾಯಿಪಾಠವಾಗಿತ್ತು.

ನಿನ್ನೆ ದೇವಸ್ಥಾನದ ಊಟದ ಸಾಲಿನಲ್ಲಿ ನಾನು ಅನ್ನ ಬಡಿಸುತ್ತಿದ್ದೆ, ನಮ್ಮನೆಯವರು ಪಕ್ಕದಲ್ಲಿ ಹುಳಿ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಡಿಪೆಂಡೆಂಟ್ ವೀಸಾ, ತಟ್ಟೆ ಹಿಡಿದು ಅದನ್ನೇ ಕೇಳಿದಳು: "ಆಂಟಿ, ಆಗ ನೀವೆಲ್ಲ ದಿನವಿಡೀ ಏನ್ ಮಾಡ್ತಿದ್ರಿ?"

"ಕೆಲಸ ಮಾಡ್ತಿದ್ದೆ" ಅಂದೆ.

ಹುಳಿಯ ಸೌಟು ನಿಂತಿತು. ನಾನು ಆ ಕಡೆ ತಿರುಗಲಿಲ್ಲ. ಏನು ಕೆಲಸವೆಂದು ಆ ಹುಡುಗಿಗೆ ಮೊದಲಿನಿಂದ ಹೇಳುವುದಿತ್ತು.